ಅತ್ತಿಗೆಯ ಪಟ್ಟಿಯಲ್ಲಿ ಐದು ಮಕ್ಕಳು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಊರಿಂದ ಅತ್ತಿಗೆಯ ಫೋನು. ಯಾವಾಗಲೂ ಕರೆಂಟಿಲ್ಲ, ಅಡಿಕೆಗೆ ಕೊಳೆ ಬಂತು ಅಂತ ಶುರು ಮಾಡುವವರು ಆವತ್ತು ನೇರ ವಿಷಯಕ್ಕೇ ಬಂದರು.

“ನಮ್ಮ ಬೈಲಿನಲ್ಲಿ ಎಂತದೋ ಉಂಟು ಮಾರಾಯ್ತಿ. ಆರು ವರ್ಷದಲ್ಲಿ ಐದು ಮಕ್ಕಳು ಒಂದಲ್ಲ ಒಂದು ತೊಂದರೆ ಇಟ್ಟುಕೊಂಡೇ ಹುಟ್ಟಿದ್ದಾವೆ. ಮೇಲಿನ ರಬ್ಬರ್ ಗುಡ್ಡೆಗೆ ಹುಲ್ಲಿನ ಮದ್ದು ಹೊಡೀತಾರಲ್ಲ, ಅದೇ ಅಂತ ಎಲ್ಲರೂ ಹೇಳುವುದು. ನೀನು ಲೆಕ್ಕದವಳಲ್ವಾ, ಸ್ವಲ್ಪ ನೋಡು.”

ಲೆಕ್ಕದವಳು ಹೌದು. ಬೆಂಗಳೂರಿನಲ್ಲಿ ಕೂತು ಯಾವ ಕಾರಿಗೆ ಎಷ್ಟು ವಿಮೆ ಕಟ್ಟಿಸಬೇಕು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಇದಕ್ಕೂ ಮಕ್ಕಳ ಕಾಯಿಲೆಗೂ ಏನು ಸಂಬಂಧ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಪುತ್ತೂರು ಕಡೆ ಹುಟ್ಟಿದವರಿಗೆ ಇಂಥ ಮಾತನ್ನು ನಕ್ಕು ಬಿಡಲು ಆಗುವುದಿಲ್ಲ. ಗಡಿ ದಾಟಿದರೆ ಪೆರ್ಲ, ಪೆರ್ಲದಿಂದ ಮುಂದೆ ಪಡ್ರೆ. ಅಲ್ಲಿ ಏನಾಯಿತು ಅಂತ ಕೇಳುತ್ತಲೇ ಬೆಳೆದವರು ನಾವು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಗ್ರಾಮ. ಅಲ್ಲೇ ಸ್ವರ್ಗ ಅಂತ ಒಂದು ಜಾಗ (ಆ ಹೆಸರಿನ ಮೇಲೆ ಎಲ್ಲರೂ ಬರೆಯುವ ಸಾಲನ್ನು ನಾನು ಬರೆಯುವುದಿಲ್ಲ). ಸುತ್ತಲಿನ ಗುಡ್ಡೆಗಳಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಗೇರಿಗೆ ಟೀ ಸೊಳ್ಳೆಯ ಕಾಟ. ಚಿಗುರು, ಹೂವು, ಎಳೆ ಬೀಜ ಮೂರರ ರಸವನ್ನೂ ಹೀರಿ ಕರಟಿಸುವ ಕೀಟ ಅದು. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ, ಅಂದರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. ನಮ್ಮ ಕಡೆಯ ಭೂಮಿ ನೋಡಿದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಮೇಲೆ ಗುಡ್ಡೆ, ಇಳಿಜಾರಿನಲ್ಲಿ ಮನೆ, ಕೆಳಗೆ ತೋಟ, ಅದರ ಬದಿಯಲ್ಲಿ ತೋಡು. ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುವುದೇ ಗುಡ್ಡೆಗೆ ಕೊರೆದ ಸುರಂಗದಿಂದ. ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಿ ಅಂತ ಹೇಳುತ್ತಿದ್ದರಂತೆ. ಬಾವಿಗಾದರೆ ಮಡಲು ಮುಚ್ಚಬಹುದು. ಇಡೀ ಗುಡ್ಡೆಯಿಂದ ಇಳಿದು ಬರುವ ನೀರಿಗೆ ಏನು ಮುಚ್ಚುವುದು?

ಮೊದಲು ನೋಡಿದವರು ಯಾರು ಅಂತ ಕೇಳಿದರೆ ಉತ್ತರ ಸ್ವಾರಸ್ಯವಾಗಿದೆ. ಯಾವ ಇಲಾಖೆಯೂ ಅಲ್ಲ. 1979ರ ಸುಮಾರಿಗೆ ಕೈಕಾಲು ಸೊಟ್ಟಗಿರುವ ಕರುಗಳು ಹುಟ್ಟುತ್ತಿವೆ ಅಂತ ಗಮನಿಸಿ ಬರೆದವರು ಪತ್ರಕರ್ತ ಶ್ರೀ ಪಡ್ರೆ, ಆಮೇಲೆ ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ ನಮಗೆಲ್ಲ ಗೊತ್ತಾದವರು. ಜೇನುನೊಣ ಕಾಣೆಯಾಯಿತು, ತೋಡಿನಲ್ಲಿ ಮೀನು ಕಪ್ಪೆ ಸತ್ತು ತೇಲಿದವು ಅಂತ ಜನ ಹೇಳುತ್ತಿದ್ದರು. ಆಮೇಲೆ ಅಲ್ಲೇ ಕ್ಲಿನಿಕ್ಕು ಇಟ್ಟುಕೊಂಡಿದ್ದ ಡಾ. ವೈ. ಎಸ್. ಮೋಹನ್ ಕುಮಾರ್. ಇಷ್ಟು ಸಣ್ಣ ಊರಿನಲ್ಲಿ ಬುದ್ಧಿ ಬೆಳೆಯದ ಮಕ್ಕಳು, ಅಂಗ ಸರಿ ಇಲ್ಲದ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಇಷ್ಟೊಂದು ಯಾಕೆ ಅಂತ ಅವರಿಗೆ ಅನುಮಾನ ಬಂತು. ಕೊಡೆಂಕೀರಿ ತೋಡಿನ ಹತ್ತಿರದ ಮನೆಗಳಲ್ಲಿ ಇದು ಜಾಸ್ತಿ ಅಂತ ಅವರ ಕಣ್ಣಿಗೆ ಬಿತ್ತು. ಊರಿನವರು ದೈವದ ಮುನಿಸು ಅಂದುಕೊಂಡಿದ್ದ ಕಾಲ ಅದು. ಇನ್ನೊಬ್ಬರು ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಹೆಂಗಸು. 1998ರಲ್ಲಿ ಹೊಸದುರ್ಗದ, ಅಂದರೆ ಕಾಞಂಗಾಡಿನ, ಮುನ್ಸಿಫ್ ಕೋರ್ಟಿಗೆ ಹೋಗಿ ಆಕಾಶದಿಂದ ಹೊಡೆಯುವುದಕ್ಕೆ ತಡೆ ತಂದವರು ಅವರು.

ನಮ್ಮ ಕಡೆ ಇದು ಗಡಿಯಾಚೆಯ ಕತೆ ಮಾತ್ರ ಆಗಿರಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯೂ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಇದೇ ಮದ್ದು. ಅಲ್ಲಿಯ ಮನೆಗಳಲ್ಲೂ ಹಾಸಿಗೆ ಹಿಡಿದ ಮಕ್ಕಳು, ಈಗ ಮೂವತ್ತು ನಲವತ್ತು ವರ್ಷ ಆಗಿರುವ ಮಕ್ಕಳು. ಕರ್ನಾಟಕದಲ್ಲಿ ಎಂಡೋಸಲ್ಫಾನ್ ನಿಷೇಧ ಆದದ್ದು 2011ರಲ್ಲಿ.

ಹೀಗಾಗಿ ಅತ್ತಿಗೆಗೆ “ಆಯ್ತು, ಪಟ್ಟಿ ಕಳಿಸಿ” ಅಂದೆ. ಹಾಗೆ ಹೇಳುವಾಗ ನನ್ನ ತಲೆಯಲ್ಲಿ ಇದ್ದದ್ದು ಸುಲಭದ ಲೆಕ್ಕ. ಐದು ಮಕ್ಕಳು, ಆರು ವರ್ಷ, ಒಂದು ಬೈಲು. ಜಾಸ್ತಿ ಇದೆಯೋ ಇಲ್ಲವೋ ನೋಡಿದರಾಯ್ತು. ಎಷ್ಟು ಪೆದ್ದಿ ನಾನು ಅಂತ ಆಮೇಲೆ ಗೊತ್ತಾಯಿತು.

ಪಟ್ಟಿ ಬಂತು. ಒಂದು ಮಗುವಿಗೆ ಸೀಳು ತುಟಿ. ಒಂದಕ್ಕೆ ಪಾದ ಒಳಗೆ ತಿರುಗಿದೆ. ಒಂದಕ್ಕೆ ಹೃದಯದಲ್ಲಿ ತೂತು. ಒಂದಕ್ಕೆ ಕಿವಿ ಕೇಳುವುದಿಲ್ಲ. ಒಂದು ಮಗು ಮೂರು ವರ್ಷವಾದರೂ ಕೂರುವುದಿಲ್ಲ. ಊರಿಗೆ ಹೋದಾಗ ಅತ್ತಿಗೆಯ ಜೊತೆ ಐದೂ ಮನೆಗೆ ಹೋದೆ. ಹೋಗುವಾಗ ನೋಟ್‌ಬುಕ್ಕನ್ನು ಬ್ಯಾಗಿನ ಒಳಗೇ ಇಟ್ಟಿದ್ದೆ, ತೆಗೆಯಲು ನಾಚಿಕೆ.

ಕೂರಲಾಗದ ಮಗುವಿನ ಅಮ್ಮ ಹೆರಿಗೆಯ ಕತೆ ಹೇಳಿದಳು. ಒಂದೂವರೆ ದಿನ ನೋವು, ಮಗು ಹುಟ್ಟಿದಾಗ ಅಳಲಿಲ್ಲ, ಮೈ ನೀಲಿ ಇತ್ತು. ಹಾಗಾದರೆ ತೊಂದರೆ ಶುರುವಾದದ್ದು ಗರ್ಭದ ಮೊದಲ ತಿಂಗಳುಗಳಲ್ಲಿ ಇರಲಾರದು, ಹೆರಿಗೆಯ ಹೊತ್ತಿನಲ್ಲಿ ಇರಬೇಕು. ಕಿವಿ ಕೇಳದ ಮಗುವಿನ ತಾಯಿ ತಂದೆ ಸೋದರಮಾವ, ಸೊಸೆ. ಆ ಮನೆಯಲ್ಲಿ ಅಜ್ಜನ ತಮ್ಮನಿಗೂ ಹುಟ್ಟಾ ಕಿವಿ ಕೇಳುತ್ತಿರಲಿಲ್ಲವಂತೆ. ಇದು ರಕ್ತದಲ್ಲಿ ಬಂದದ್ದು ಇರಬಹುದು. ಉಳಿದದ್ದು ಮೂರು. ಆ ಮೂರರಲ್ಲಿ ಹೃದಯದ ತೊಂದರೆ ಇರುವ ಮಗುವಿನ ಅಮ್ಮ ಈ ಊರಿನ ಮಗಳೇ, ಆದರೆ ಇರುವುದು ಬೆಂಗಳೂರಿನಲ್ಲಿ. ಚೊಚ್ಚಲ ಹೆರಿಗೆ ಅಂತ ಏಳನೇ ತಿಂಗಳಿಗೆ ತವರಿಗೆ ಬಂದವಳು.

ಈ ತವರಿನ ವಿಷಯ ನನಗೆ ಮೊದಲು ಹೊಳೆದೇ ಇರಲಿಲ್ಲ ನೋಡಿ. ಮಗುವಿನ ಅಂಗಾಂಗ ಕೂಡುವುದು ಗರ್ಭದ ಮೂರನೇ ವಾರದಿಂದ ಎಂಟನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿ ಅಂತ ಗೊತ್ತೇ ಆಗಿರುವುದಿಲ್ಲ. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದಂತೂ ಸುಮಾರು 28 ದಿನದ ಒಳಗೆ. ಆ ಹೊತ್ತಿನಲ್ಲಿ ಅವಳು ಇದ್ದದ್ದು ಗಂಡನ ಮನೆಯಲ್ಲಿ, ಕುಡಿದದ್ದು ಅಲ್ಲಿಯ ನೀರು. ಮಗು ಹುಟ್ಟುವುದು, ಜನನ ನೋಂದಣಿ ಆಗುವುದು ತವರಿನ ಆಸ್ಪತ್ರೆಯಲ್ಲಿ. ಇನ್ನು ನೀವು ಜನನದ ದಾಖಲೆ ತೆಗೆದು, ಮ್ಯಾಪಿನ ಮೇಲೆ ಚುಕ್ಕೆ ಇಟ್ಟು, ಇಲ್ಲಿ ಗುಂಪಾಗಿದೆ ಅಂತ ಹೇಳಿದರೆ ಅದು ಯಾವ ಊರಿನ ಗುಂಪು? ಹುಡುಕಬೇಕಾದದ್ದು ಮಗು ಹುಟ್ಟಿದ ಊರನ್ನಲ್ಲ, ತಾಯಿ ಬಯಕೆಗೂ ಮುಂಚೆ ಇದ್ದ ಊರನ್ನು.

ಅಂತೂ ಲೆಕ್ಕ. ಎಲ್ಲೇ ಆಗಲಿ ಹುಟ್ಟುವ 100 ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ದೊಡ್ಡದು ಅನ್ನಬಹುದಾದ ಹುಟ್ಟು ದೋಷ ಒಂದಾದರೂ ಇರುತ್ತದೆ. ಯಾವ ಮದ್ದೂ ಹೊಡೆಯದ ಊರಿನಲ್ಲೂ. ಅತ್ತಿಗೆಯ ಬೈಲಿನಲ್ಲಿ ಆರು ವರ್ಷಕ್ಕೆ ಹೆಚ್ಚುಕಮ್ಮಿ ನೂರು ಹೆರಿಗೆ ಆಗಿರಬಹುದು. ಉಳಿದ ಮೂರೂ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೂ ಇದು ಮಾಮೂಲಿ ಸಂಖ್ಯೆ.

ಅಂಗಳದಲ್ಲಿ ಅಡಿಕೆ ಒಣಗಲು ಹರಡಿದ್ದನ್ನು ನೆನಪಿಸಿಕೊಳ್ಳಿ. ಸಾವಿರಾರು ಕಾಯಿ, ನಡುವೆ ಒಂದಷ್ಟು ಹಾಳಾದ ಕಾಯಿ. ಅವು ಅಳತೆ ಮಾಡಿಟ್ಟಂತೆ ಸಮ ದೂರದಲ್ಲಿ ಬಿದ್ದಿರುತ್ತವೆಯೇ? ಇಲ್ಲ. ಎಲ್ಲೋ ಒಂದು ಕಡೆ ನಾಲ್ಕು ಒಟ್ಟಿಗೆ ಇರುತ್ತವೆ, ಇನ್ನೊಂದು ಕಡೆ ಎರಡು ಮಾರು ಜಾಗದಲ್ಲಿ ಒಂದೂ ಇರುವುದಿಲ್ಲ. ಆ ನಾಲ್ಕು ಬಿದ್ದ ಜಾಗದ ಸುತ್ತ ಸುಣ್ಣದಲ್ಲಿ ಗೆರೆ ಎಳೆದು, ಈ ಜಾಗದಲ್ಲಿ ಏನೋ ದೋಷ ಇದೆ ಅಂತ ಹೇಳುವುದು ಸುಲಭ. ಗೆರೆಯನ್ನು ಕಾಯಿ ನೋಡುವ ಮೊದಲು ಎಳೆಯಬೇಕಿತ್ತು. ಅತ್ತಿಗೆ ಗೆರೆ ಎಳೆದದ್ದು ಆಮೇಲೆ. ಆರು ವರ್ಷ ಅಂತ ಯಾಕೆ ಹೇಳಿದರು? ಪಟ್ಟಿಯ ಮೊದಲ ಮಗುವಿಗೆ ಆರು ವರ್ಷ, ಅದಕ್ಕೆ. ಬೈಲು ಅಂದರೆ ಎಲ್ಲಿಯವರೆಗೆ? ಪಟ್ಟಿಯ ಕೊನೆಯ ಮನೆಯವರೆಗೆ.

ಇಷ್ಟಕ್ಕೇ ನಿಲ್ಲಿಸಿ, “ಏನೂ ಇಲ್ಲ ಅತ್ತಿಗೆ, ಎಲ್ಲ ಕಾಕತಾಳೀಯ” ಅಂತ ಹೇಳಿಬಿಟ್ಟರೆ ನಾನು ಬುದ್ಧಿವಂತೆ. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ ಕೂಡ. ನನಗೆ ಆಗಲಿಲ್ಲ, ಯಾಕೆಂದರೆ ಇದೇ ಲೆಕ್ಕವನ್ನು ಪಡ್ರೆಗೆ ಹಾಕಿ ನೋಡಿದ್ದೆ.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದರು. ಆ ಅಧ್ಯಯನ 2003ರಲ್ಲಿ ಒಂದು ಒಳ್ಳೆಯ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಅಲ್ಲಿಯ ಶಾಲೆಯ 117 ಹುಡುಗರನ್ನು, ಸುಮಾರು 20 ಕಿಲೋಮೀಟರ್ ಆಚೆ ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. ಪಡ್ರೆಯ ಹುಡುಗರಲ್ಲಿ 78% ಜನರ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು, ಆ ಊರಿನಲ್ಲಿ 29%. ಸರಾಸರಿ ಪ್ರಮಾಣ ಇಲ್ಲಿ 7.47 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ), ಅಲ್ಲಿ 1.37. ಇದು ಹೆಲಿಕಾಪ್ಟರ್ ನಿಂತು ತಿಂಗಳುಗಳಾದ ಮೇಲಿನ ಮಾತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು, ಹಾರ್ಮೋನುಗಳಲ್ಲೂ ವ್ಯತ್ಯಾಸ ಇತ್ತು.

ಈಗ ನನ್ನ ವಿಷಯಕ್ಕೆ ಬರುವ ಸಾಲು. ವೃಷಣ ಕೆಳಗಿಳಿಯದಿರುವುದು, ಹುಟ್ಟಿನಿಂದಲೇ ಇರುವ ಹರ್ನಿಯಾದಂಥ ದೋಷಗಳು ಪಡ್ರೆಯಲ್ಲಿ 5.1%, ಆ ಊರಿನಲ್ಲಿ 1.1%. ಸುಮಾರು ಐದು ಪಟ್ಟು! ಆದರೆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದರು, ಲೆಕ್ಕಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಗಣನೀಯ ಅಲ್ಲ ಅಂತ. ಯಾಕೆ ಅಂದರೆ ಶೇಕಡಾವಾರು ಬಿಟ್ಟು ತಲೆ ಎಣಿಸಿ ನೋಡಿ. 117ರಲ್ಲಿ 5.1% ಅಂದರೆ ಆರು ಹುಡುಗರು. 90ರಲ್ಲಿ 1.1% ಅಂದರೆ ಒಬ್ಬ. ಆರಕ್ಕೆ ಒಂದು. ಈ ಕಡೆ ಇಬ್ಬರು ಕಮ್ಮಿ, ಆ ಕಡೆ ಇಬ್ಬರು ಜಾಸ್ತಿ ಸಿಕ್ಕಿದ್ದರೆ ಕತೆಯೇ ಬೇರೆ ಆಗುತ್ತಿತ್ತು. ನಾನು ಆಫೀಸಿನ ರೂಢಿಯಲ್ಲಿ ಒಂದು ಅಂದಾಜು ಹಾಕಿದೆ: ಇಷ್ಟು ವ್ಯತ್ಯಾಸ ನಿಜವಾಗಿಯೂ ಇದ್ದರೆ, ಅದನ್ನು ಭರವಸೆಯಿಂದ ಹಿಡಿದು ತೋರಿಸಲು ಎರಡೂ ಕಡೆ ತಲಾ 300 ಹುಡುಗರಾದರೂ ಬೇಕು. ಸಿಕ್ಕಿದ್ದು 117 ಮತ್ತು 90.

ಅಂದರೆ ಊರು ಸಣ್ಣದಾಗಿರುವುದೇ ಅದರ ದುರದೃಷ್ಟ. ಬೆಂಗಳೂರಿನ ಮೇಲೆ ಇಪ್ಪತ್ತು ವರ್ಷ ಹೊಡೆದಿದ್ದರೆ ಲೆಕ್ಕ ಸಿಗುತ್ತಿತ್ತು. ವಿಷ ಬೀಳುವುದು ಹೆಚ್ಚಾಗಿ ಜನ ಕಮ್ಮಿ ಇರುವ ಕಡೆ, ಮತ್ತು ಜನ ಕಮ್ಮಿ ಇರುವ ಕಡೆ ಲೆಕ್ಕಶಾಸ್ತ್ರ ಬಾಯಿ ಬಿಡುವುದಿಲ್ಲ. “ಪುರಾವೆ ಇಲ್ಲ” ಅನ್ನುವ ಮಾತು ಬರುವುದು ಹೀಗೆ. ತೊಂದರೆ ಇಲ್ಲ ಅಂತ ತೋರಿಸಿಯಾಯಿತು ಅನ್ನುವುದು ಒಂದು ಮಾತು. ಇದೆ ಅಂತ ತೋರಿಸಲು ಆಗಲಿಲ್ಲ ಅನ್ನುವುದು ಇನ್ನೊಂದು. ಸಮಿತಿಗಳ ವರದಿಯಿಂದ ಪೇಪರಿನ ತಲೆಬರಹಕ್ಕೆ ಬರುವಷ್ಟರಲ್ಲಿ ಎರಡೂ ಒಂದೇ ಆಗಿರುತ್ತವೆ. ಕಾಸರಗೋಡಿಗೆ ಸಮಿತಿಗಳಿಗೇನು ಬರ ಇರಲಿಲ್ಲ, ಒಂದರ ಹಿಂದೆ ಒಂದು ಬಂದವು. ಒಂದು ಲ್ಯಾಬು ನೀರಿನಲ್ಲಿ, ರಕ್ತದಲ್ಲಿ ವಿಪರೀತ ಇದೆ ಅಂದರೆ ಇನ್ನೊಂದು ಲ್ಯಾಬು ಏನೂ ಇಲ್ಲ ಅಂದಿತು.

ಹಾಗಂತ ಕಾಸರಗೋಡಿನ ಸಂತ್ರಸ್ತರ ಪಟ್ಟಿಯಲ್ಲಿರುವ ಆರು ಸಾವಿರಕ್ಕೂ ಜಾಸ್ತಿ ಜನರ ಎಲ್ಲ ತೊಂದರೆಗೂ ಎಂಡೋಸಲ್ಫಾನೇ ಕಾರಣ ಅಂತ ನಾನು ನಂಬುವುದಿಲ್ಲ. ಹೇಳಿದರೆ ಊರಿನಲ್ಲಿ ಬೈಯುತ್ತಾರೆ, ಆದರೂ ಹೇಳುತ್ತೇನೆ. ಅದರಲ್ಲಿ ರಕ್ತದಲ್ಲಿ ಬಂದದ್ದು ಇರುತ್ತದೆ, ಹೆರಿಗೆಯಲ್ಲಿ ಆದದ್ದು ಇರುತ್ತದೆ, ಸುಮ್ನೆ ಆದದ್ದೂ ಇರುತ್ತದೆ. ನಮ್ಮ ಬೈಲಿನ ಐದರಲ್ಲೇ ಇಷ್ಟು ಬಗೆ ಇದ್ದರೆ ಅಲ್ಲಿ ಇರದೆ ಹೋಗುತ್ತದೆಯೇ? ಆದರೆ ಯಾವುದು ಯಾವುದು ಅಂತ ಈಗ ಬೇರ್ಪಡಿಸಲು ಬೇಕಾದ ಕಾಗದ ಯಾರ ಹತ್ತಿರವೂ ಇಲ್ಲ. ಹೆಲಿಕಾಪ್ಟರಿಗೆ ಬಾಡಿಗೆ ಎಷ್ಟು ಕೊಟ್ಟರು, ಮದ್ದು ಎಷ್ಟು ಲೀಟರ್ ಖರ್ಚಾಯಿತು ಅನ್ನುವುದಕ್ಕೆ ಬಿಲ್ಲು ಇದ್ದಿರಲೇಬೇಕು. ಅದೇ ಇಪ್ಪತ್ತು ವರ್ಷದಲ್ಲಿ ಆ ಗುಡ್ಡೆಗಳ ಕೆಳಗೆ ಎಷ್ಟು ಬಸುರು ಇಳಿಯಿತು, ಎಷ್ಟು ಮಗು ಹುಟ್ಟುತ್ತಲೇ ಸತ್ತಿತು, ಯಾವ ತಿಂಗಳಲ್ಲಿ, ಯಾವ ಮನೆಯಲ್ಲಿ? ಇದನ್ನು ಬರೆದಿಡುವುದು ಯಾರ ಕೆಲಸವೂ ಆಗಿರಲಿಲ್ಲ. ಒಬ್ಬ ಹಳ್ಳಿ ಡಾಕ್ಟರು ತನ್ನ ಪಾಡಿಗೆ ಬರೆದರು. ಅಷ್ಟೇ.

ಥ್ಯಾಲಿಡೋಮೈಡ್ ಅನ್ನುವ ಮಾತ್ರೆಯ ಕತೆ ಕೇಳಿರಬಹುದು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು, ಬಸುರಿಯರು ವಾಂತಿಗೆ ನುಂಗಿದರು. ಕೈಕಾಲು ಬೆಳೆಯದೆ, ಭುಜಕ್ಕೇ ಅಂಗೈ ಅಂಟಿದಂತೆ ಮಕ್ಕಳು ಹುಟ್ಟಿದವು. ಜಗತ್ತಿನಲ್ಲೆಲ್ಲ ಸುಮಾರು 10,000. ಜರ್ಮನಿಯ ವಿಡುಕಿಂಡ್ ಲೆಂಝ್, ಆಸ್ಟ್ರೇಲಿಯಾದ ವಿಲಿಯಂ ಮ್ಯಾಕ್‌ಬ್ರೈಡ್ ಇಬ್ಬರು ಡಾಕ್ಟರುಗಳು 1961ರಲ್ಲಿ ಹೇಳುವವರೆಗೆ ನಿಲ್ಲಲಿಲ್ಲ. ಇದು ಬೇಗ ಸಿಕ್ಕಿಬಿದ್ದ ಪ್ರಕರಣ ಅಂತ ತಿಳಿದವರು ಹೇಳುತ್ತಾರೆ, ನಾಲ್ಕು ವರ್ಷ ಬೇಗವಂತೆ! ಬೇಗ ಯಾಕೆ ಅಂದರೆ ಆ ದೋಷ ತೀರಾ ಅಪರೂಪದ್ದು, ಒಬ್ಬ ಡಾಕ್ಟರ್ ಇಡೀ ಜೀವಮಾನದಲ್ಲಿ ಒಂದನ್ನೂ ನೋಡಿರುವುದಿಲ್ಲ. ಅಂಥದ್ದು ಮೂರು ಬಂದರೆ ಎದ್ದು ಕಾಣುತ್ತದೆ. ಅದೇ ಮಾತ್ರೆ ಸೀಳು ತುಟಿಯನ್ನು ಒಂದೂವರೆ ಪಟ್ಟು ಮಾಡಿದ್ದರೆ? ಇವತ್ತಿಗೂ ಮಾರುತ್ತಿದ್ದರೋ ಏನೋ.

ಗುಂಪು ನಿಜ, ಆದರೆ ಕಳ್ಳ ಬೇರೆ ಅಂತಲೂ ಆಗುತ್ತದೆ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಅಲ್ಲಿಯ ದಲಿತ ಕೇರಿಗಳಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ನಡೆಯಲಾಗದವರು ಬಹಳ ಇದ್ದಾರೆ ಅಂತ ಹೊರಗೆ ಗೊತ್ತಾಯಿತು. ಗದ್ದೆಗೆ ಹೊಸದಾಗಿ ಕೀಟನಾಶಕ ಹೊಡೆಯಲು ಶುರು ಮಾಡಿದ ಕಾಲ ಅದು. ಆ ಗದ್ದೆಯ ಏಡಿ, ಮೀನು ತಿಂದದ್ದಕ್ಕೆ ಹೀಗಾಯಿತು ಅನ್ನುವ ಅನುಮಾನ ಬಲವಾಗಿತ್ತು, ಕೇಳಿದರೆ ನಾನೂ ಹೌದು ಅನ್ನುತ್ತಿದ್ದೆ. ವರ್ಷಗಳು ಕಳೆದ ಮೇಲೆ, ಮನೆ ಮನೆಯ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದಾಗ ಅದು ವಂಶದಲ್ಲಿ ಇಳಿದು ಬರುವ ಎಲುಬಿನ ಕಾಯಿಲೆ ಅಂತ ಗೊತ್ತಾಯಿತು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಮಕ್ಕಳಿಗೆ ಬರಬಹುದಾದದ್ದು. ವೈದ್ಯಲೋಕದಲ್ಲಿ ಅದಕ್ಕೆ ಆ ಊರಿನ ಹೆಸರೇ ಉಳಿದುಕೊಂಡಿತು.

ಅಮೆರಿಕದಲ್ಲಿ ಮೆಕ್ಸಿಕೋ ಗಡಿಗೆ ತಾಗಿದ ಬ್ರೌನ್ಸ್‌ವಿಲ್ ಅಂತ ಊರು. 1991ರಲ್ಲಿ ಅಲ್ಲಿಯ ಒಂದೇ ಆಸ್ಪತ್ರೆಯಲ್ಲಿ 36 ಗಂಟೆಯೊಳಗೆ ಮಿದುಳು ಬೆಳೆಯದ ಮೂರು ಮಕ್ಕಳು ಹುಟ್ಟಿದವು. ಎಲ್ಲರ ಬೆರಳೂ ಗಡಿಯಾಚೆಯ ಕಾರ್ಖಾನೆಗಳ ಹೊಗೆಯ ಕಡೆ ಹೋಯಿತು. ಮುಂದಿನ ಅಧ್ಯಯನಗಳು ತೋರಿಸಿದ ಅನುಮಾನ ಬೇರೆಯೇ: ಬಡ ಹೆಂಗಸರ ಊಟದಲ್ಲಿ ಫೋಲಿಕ್ ಆಮ್ಲ ಕಮ್ಮಿ, ಜೊತೆಗೆ ಅವರು ದಿನವೂ ತಿನ್ನುವ ಮೆಕ್ಕೆಜೋಳದ ರೊಟ್ಟಿಯಲ್ಲಿ ಒಂದು ಬೂಷ್ಟಿನ ವಿಷ. ಇನ್ನು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಡೆ 2010ರಿಂದ ಮೂರು ವರ್ಷ ಇದೇ ದೋಷ ದೇಶದ ಸರಾಸರಿಗಿಂತ ನಾಲ್ಕು ಪಟ್ಟು ಇತ್ತು. ಗಮನಿಸಿದ್ದು ಒಬ್ಬ ನರ್ಸು. ಅಲ್ಲಿ ಎಣಿಕೆ ಸರಿ ಇತ್ತು, ತನಿಖೆಯೂ ಆಯಿತು, ಕಾರಣ ಮಾತ್ರ ಸಿಗಲಿಲ್ಲ.

ಸೀಳು ತುಟಿಯ ಮಗುವಿನ ಮನೆಯ ಬಗ್ಗೆ ಹೇಳಬೇಕು. ಆ ಮಗುವಿಗೆ ಆಪರೇಷನ್ ಆಗಿದೆ, ಈಗ ನೋಡಿದರೆ ಒಂದು ಸಣ್ಣ ಗೆರೆ, ಅಷ್ಟೇ. ನಾನು ಅಮ್ಮನ ಹತ್ತಿರ ಬಸುರಿನ ಮೊದಲ ತಿಂಗಳುಗಳ ಬಗ್ಗೆ ಕೇಳುತ್ತಿದ್ದಾಗ ಒಳಗಿಂದ ಅಜ್ಜಿ ಹೇಳಿದರು, “ಗ್ರಹಣದ ದಿನ ಬೇಡ ಬೇಡ ಅಂದರೂ ಹೊರಗೆ ಬಂದಿದ್ದಾಳೆ. ಸೌತೆಕಾಯಿ ಹೆಚ್ಚಿದ್ದಾಳೆ. ಮತ್ತೆಂತ ಆಗ್ತದೆ?” ಅಮ್ಮ ತಲೆ ಎತ್ತಲಿಲ್ಲ. ಆಮೇಲೆ ಗೇಟಿನವರೆಗೆ ಬಂದು ನನ್ನ ಹತ್ತಿರ ಮೆಲ್ಲ ಕೇಳಿದಳು, “ಅಕ್ಕ, ಮದ್ದಿನಿಂದಲೇ ಅಲ್ವಾ?” ಹೌದು ಅನ್ನು ಅಂತ ಕಣ್ಣಿನಲ್ಲೇ ಹೇಳುತ್ತಿದ್ದಳು. ಮದ್ದು ಅಂತಾದರೆ ಅವಳ ಮೇಲಿನ ಸೌತೆಕಾಯಿಯ ಅಪವಾದ ಹೋಗುತ್ತದೆ.

ಸಂಶೋಧಕರು ಇದನ್ನು ನೆನಪಿನ ಪಕ್ಷಪಾತ ಅನ್ನುತ್ತಾರೆ. ಮಗುವಿಗೆ ತೊಂದರೆ ಆದ ತಾಯಿ ಆ ಒಂಬತ್ತು ತಿಂಗಳನ್ನು ದಿನ ದಿನವೂ ಕೆದಕಿ ನೋಡಿರುತ್ತಾಳೆ, ಹೊಡೆದ ಮದ್ದಿನ ವಾಸನೆಯೂ ನೆನಪಿರುತ್ತದೆ, ನುಂಗಿದ ಮಾತ್ರೆಯೂ ನೆನಪಿರುತ್ತದೆ. ಮಗು ಆರಾಮ ಹುಟ್ಟಿದ ತಾಯಿಗೆ ಅದೆಲ್ಲ ಯಾಕೆ ನೆನಪಿರಬೇಕು? ಇಬ್ಬರನ್ನೂ ಕೇಳಿ ಹೋಲಿಸಿದರೆ ಉತ್ತರ ಒಂದೇ ಕಡೆಗೆ ವಾಲುತ್ತದೆ. ಸರಿಯಾದ ಮಾತೇ. ಆದರೆ ಆ ಗೇಟಿನ ಹತ್ತಿರ ನಿಂತಾಗ ಪಕ್ಷಪಾತ ಅನ್ನುವ ಪದ ನನಗೆ ಸ್ವಲ್ಪ ಒರಟು ಅನಿಸಿತು. ಅವಳಿಗೆ ನಾನು ಹೇಳಿದ್ದು ಇಷ್ಟೇ. ಮದ್ದಾ ಅಂತ ಗೊತ್ತಿಲ್ಲ ತಂಗಿ, ಸೌತೆಕಾಯಿ ಅಲ್ಲ ಅಂತ ಗೊತ್ತು.

ನೆನಪನ್ನು ನಂಬುವ ಹಾಗಿಲ್ಲ ಅಂದರೆ ಬೇರೆ ಏನಾದರೂ ಬೇಕು. ಜಪಾನಿನ ಮಿನಮಾಟದ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ಅಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ ಸಮುದ್ರಕ್ಕೆ ಪಾದರಸ ಬಿಡುತ್ತಿತ್ತು, ಮೀನು ತಿಂದವರಿಗೆ ನರದ ಕಾಯಿಲೆ ಬಂತು, 1956ರಲ್ಲಿ ಅದು ಅಧಿಕೃತವಾಗಿ ಬೆಳಕಿಗೆ ಬಂತು. ಗರ್ಭದಲ್ಲೇ ಪೆಟ್ಟು ತಿಂದ ಮಕ್ಕಳೂ ಇದ್ದರು. ಆದರೆ ವರ್ಷಗಳ ಹಿಂದೆ, ಆ ಮಗು ಹೊಟ್ಟೆಯಲ್ಲಿದ್ದಾಗ, ಪಾದರಸ ಎಷ್ಟಿತ್ತು ಅಂತ ಈಗ ಹೇಗೆ ತಿಳಿಯುವುದು? ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಸಣ್ಣ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ರೂಢಿ ಇದೆ. ಹರಾದಾ ಮಸಾಝುಮಿ ಅನ್ನುವ ಡಾಕ್ಟರು ಮನೆ ಮನೆಯಿಂದ ಆ ಪೆಟ್ಟಿಗೆಗಳನ್ನು ಕೇಳಿ ತಂದರು. ಅದರಲ್ಲಿ ಪಾದರಸ ಅಳೆದರು. ಹುಟ್ಟಿದ ವರ್ಷವೂ ಗೊತ್ತು, ಪ್ರಮಾಣವೂ ಗೊತ್ತು. ತಾಯಂದಿರು ಪ್ರೀತಿಗೆ ಇಟ್ಟದ್ದು ಸಾಕ್ಷಿಯಾಯಿತು.

ನಮ್ಮಲ್ಲಿ ಹೊಕ್ಕುಳಬಳ್ಳಿ ಇಡುವುದಿಲ್ಲ. ಆದರೆ ಕ್ಯಾಲೆಂಡರ್ ಇಡುತ್ತೇವೆ ಅಂತ ನನಗೆ ಹೊಳೆದದ್ದು ಅತ್ತಿಗೆಯ ಅಡಿಗೆಮನೆಯಲ್ಲಿ ಕೂತು ಚಾ ಕುಡಿಯುವಾಗ. ಗೋಡೆಯ ಮೇಲಿನ ಕ್ಯಾಲೆಂಡರಿನ ಚೌಕ ಚೌಕದಲ್ಲೂ ಅವರ ಅಕ್ಷರ. ಹಾಲು ಎಷ್ಟು ಲೀಟರ್ ಡೈರಿಗೆ ಹೋಯಿತು, ಗ್ಯಾಸು ಯಾವತ್ತು ಬಂತು, ದನ ಯಾವಾಗ ಗಬ್ಬ ನಿಂತಿತು, ತೋಟಕ್ಕೆ ಮದ್ದು ಬಿಟ್ಟದ್ದು ಯಾವ ದಿನ. ಹಳೆಯವು ಎಲ್ಲಿ ಅಂದೆ. ಅಟ್ಟದಿಂದ ಹನ್ನೊಂದು ವರ್ಷದ್ದು ಇಳಿಸಿದರು, ಎಣ್ಣೆ ಹೊಗೆ ಹಿಡಿದು ಹಳದಿಯಾದವು. ನನ್ನ ಆಫೀಸಿನಲ್ಲಿ ಕೂಡ ಇಷ್ಟು ಅಚ್ಚುಕಟ್ಟಾದ ದಾಖಲೆ ನೋಡಿಲ್ಲ.

ಇದರಿಂದ ಒಂದು ಪರೀಕ್ಷೆ ಸಾಧ್ಯ. ಗುಡ್ಡೆಗೆ ಮದ್ದು ಹೊಡೆಯುವುದು ವರ್ಷಪೂರ್ತಿ ಅಲ್ಲ, ಕೆಲವು ತಿಂಗಳು ಮಾತ್ರ. ಮದ್ದಿನ ಪಾತ್ರ ಇದ್ದರೆ, ಆ ತಿಂಗಳುಗಳಲ್ಲಿ ಗರ್ಭ ನಿಂತ ಮಕ್ಕಳಲ್ಲಿ ತೊಂದರೆ ಜಾಸ್ತಿ ಕಾಣಬೇಕು. ಉಳಿದ ತಿಂಗಳಿನವರಲ್ಲಿ ಕಮ್ಮಿ ಇರಬೇಕು. ಒಂದೇ ಊರು, ಒಂದೇ ಜಾತಿ, ಒಂದೇ ಊಟ, ತಿಂಗಳು ಮಾತ್ರ ಬೇರೆ. ಅಮೆರಿಕದಲ್ಲಿ ಹೀಗೆ ನೋಡಿದ್ದಾರೆ. ಹೊಲಗಳಿಗೆ ಮದ್ದು ಬೀಳುವ ಏಪ್ರಿಲ್‌ನಿಂದ ಜುಲೈವರೆಗೆ ಗರ್ಭ ನಿಂತವರಲ್ಲಿ ಹುಟ್ಟು ದೋಷ ಸ್ವಲ್ಪ ಜಾಸ್ತಿ, ಅದೇ ತಿಂಗಳುಗಳಲ್ಲಿ ಹೊಳೆಯ ನೀರಿನಲ್ಲಿ ಕೀಟನಾಶಕವೂ ಜಾಸ್ತಿ ಅಂತ 2009ರಲ್ಲಿ ಒಂದು ಲೇಖನ ಬಂತು. ಎರಡೂ ಒಟ್ಟಿಗೆ ಏರಿದವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ, ಗೊತ್ತು. ಆದರೂ ಸುಮ್ನೆ ಬಾಯಿಮಾತಿಗಿಂತ ಇದು ಎಷ್ಟೋ ಮೇಲು. ನಮ್ಮ ಬೈಲಿನ ಮೂರು ಮಕ್ಕಳಿಂದ ಇದು ಹೇಗೂ ಆಗದು, ಇಡೀ ತಾಲ್ಲೂಕಿನ ಕ್ಯಾಲೆಂಡರ್ ಬೇಕು.

ಆಶಾ ಕಾರ್ಯಕರ್ತೆಯ ಹತ್ತಿರವೂ ಮಾತಾಡಿದೆ. ಈಗ ಕಾಲ ಪಡ್ರೆಯ ಕಾಲದ ಹಾಗಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ತಪಾಸಣೆ, ಹುಟ್ಟು ದೋಷಕ್ಕೆ ಪ್ರತ್ಯೇಕ ಕಲಮು. ಆದರೆ ಅವಳು ಇನ್ನೊಂದು ಮಾತು ಹೇಳಿದಳು, ಅದು ನನ್ನ ತಲೆ ಕೆಡಿಸಿದೆ. “ಈಗ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲೇ ಗೊತ್ತಾಗ್ತದಲ್ಲ ಮೇಡಂ. ದೊಡ್ಡ ತೊಂದರೆ ಇದ್ದರೆ ತೆಗೆಸ್ತಾರೆ. ನಮಗೆ ಯಾರೂ ಹೇಳುವುದಿಲ್ಲ. ಮಗು ನಿಲ್ಲಲಿಲ್ಲ ಅಂತಾರೆ, ಅಷ್ಟೇ.” ತಪ್ಪು ಅಂತ ನಾನು ಹೇಳುತ್ತಿಲ್ಲ, ಅದು ಆ ಮನೆಯವರ, ಅದರಲ್ಲೂ ಆ ಹೆಂಗಸಿನ ನಿರ್ಧಾರ. ಲೆಕ್ಕದ ಮಾತು ಮಾತ್ರ ಹೇಳುತ್ತಿದ್ದೇನೆ. ಪಡ್ರೆಯಲ್ಲಿ ಮಕ್ಕಳು ಹುಟ್ಟಿದ್ದರಿಂದ ಡಾಕ್ಟರಿಗೆ ಕಂಡಿತು. ಇವತ್ತು ಇನ್ನೊಂದು ಪಡ್ರೆ ಆದರೆ ಯಾರಿಗೂ ಕಾಣಲಿಕ್ಕಿಲ್ಲ. ಮಂಗಳೂರಿನ, ಪುತ್ತೂರಿನ ಬೇರೆ ಬೇರೆ ಸ್ಕ್ಯಾನಿಂಗ್ ಸೆಂಟರುಗಳ ಫೈಲಿನಲ್ಲಿ ಒಂದೊಂದಾಗಿ ಹಂಚಿಹೋಗಿರುತ್ತದೆ.

ಎಂಡೋಸಲ್ಫಾನ್ ಕೊನೆಗೆ ಹೋದದ್ದು ಹೇಗೆ ಅಂತ ಕೇಳುತ್ತೀರಾ? ಕಾಸರಗೋಡಿನ ಮಕ್ಕಳ ಲೆಕ್ಕ ಸರಿಹೊಂದಿದ್ದಕ್ಕಲ್ಲ. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು, ಬೇಗ ಕರಗದೆ ಉಳಿಯುತ್ತದೆ, ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತದೆ, ಹೊಡೆಯದ ದೂರದ ಊರಿಗೂ ಹೋಗುತ್ತದೆ, ವಿಷ ಅನ್ನುವ ಕಾರಣಕ್ಕೆ. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ ಕೇರಳಕ್ಕೆ ಹೇಳಿತು. ಯಾವ ಮಗುವಿಗೆ ಎಷ್ಟು ಪಾಲು ಮದ್ದಿನದು ಅಂತ ಕೇಳಿ ಕೂರಲಿಲ್ಲ. ಒಳ್ಳೆಯದೇ ಆಯಿತು. ನಿಲ್ಲಿಸುವುದಕ್ಕೆ ಬೇಕಾದ ಪುರಾವೆಯೇ ಬೇರೆ, ಪತ್ರಿಕೆಯಲ್ಲಿ ಲೇಖನ ಬರೆಯಲು ಬೇಕಾದ ಪುರಾವೆಯೇ ಬೇರೆ. 1979ರ ಸುಮಾರಿಗೇ, ಕರು ನೋಡಿದಾಗಲೇ, ಹೆಲಿಕಾಪ್ಟರ್ ಇಳಿಸಲು ಬೇಕಾದಷ್ಟು ಪುರಾವೆ ಇತ್ತು ಅಂತಲೇ ನನ್ನ ಅಭಿಪ್ರಾಯ.

ರಬ್ಬರ್ ಗುಡ್ಡೆಯವರ ಹತ್ತಿರ ಅಣ್ಣ ಹೋಗಿ ಮಾತಾಡಿದ್ದಾನೆ. ಇಂಥ ಮಕ್ಕಳಾದವು ಅಂತ ಜಗಳಕ್ಕೆ ಹೋಗಬೇಡ, ಯಾವ ಮದ್ದು, ಯಾವ ದಿನ ಅಂತ ಮೊದಲೇ ತಿಳಿಸಿ, ತೋಡಿನ ಬದಿ ಹತ್ತು ಮಾರು ಬಿಟ್ಟು ಹೊಡೆಯಿರಿ ಅಂತ ಕೇಳು ಅಂದಿದ್ದೆ. ದಿನ ತಿಳಿಸಲು ಒಪ್ಪಿದ್ದಾರೆ. ಹತ್ತು ಮಾರಿಗೆ ಇನ್ನೂ ಹೂಂ ಅಂದಿಲ್ಲ.

ಮೊನ್ನೆ ಅತ್ತಿಗೆ ವಾಟ್ಸಾಪಿನಲ್ಲಿ ಕ್ಯಾಲೆಂಡರಿನ ಫೋಟೋ ಕಳಿಸಿದ್ದರು. ಹಾಲಿನ ಲೆಕ್ಕದ ಕೆಳಗೆ ಹಸಿರು ಪೆನ್ನಿನಲ್ಲಿ “ಗುಡ್ಡೆ ಮದ್ದು” ಅಂತ ಎರಡು ದಿನ ಬರೆದಿತ್ತು, ಬಾಟಲಿಯ ಹೆಸರು ಸಮೇತ. ಅದರ ಮುಂದಿನ ವಾರ ಒಂದು ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಪಕ್ಕದ ಮನೆಯ ಹುಡುಗಿಯ ಹೆಸರು, ಮುಂದೆ “2 ತಿಂಗಳು”. ಯಾರಿಗೂ ಹೇಳಬೇಡ, ಅವರಿನ್ನೂ ಹೊರಗೆ ಹೇಳಿಲ್ಲ ಅಂತ ಕೆಳಗೆ ಮೆಸೇಜು.